ತುಮಕೂರು–ಬೆಂಗಳೂರು: ಹಳಿ ಇದೆ, ಜಾಗ ಎಲ್ಲಿ?

ತುಮಕೂರಿಗೂ ಬೆಂಗಳೂರಿಗೂ ರೈಲಿನಲ್ಲಿ ಸುಮಾರು 70 ಕಿ.ಮೀ. ದೂರ. ಜೋಡಿ ಹಳಿ ಇದೆ, ವಿದ್ಯುದೀಕರಣ ಮುಗಿದಿದೆ, 2024ರಿಂದ ಮೆಮು ಎಂಬ ಕಡಿಮೆ ದೂರದ ವಿದ್ಯುತ್ ರೈಲು ಕೂಡ ಓಡುತ್ತಿದೆ. ಆದರೂ ಕಚೇರಿ ವೇಳೆಗೆ ಇನ್ನೆರಡು ರೈಲು ಬಿಡುವುದು ಸುಲಭವಲ್ಲ.

ಹುಬ್ಬಳ್ಳಿ, ಶಿವಮೊಗ್ಗ ಕಡೆಯ ಎಕ್ಸ್‌ಪ್ರೆಸ್‌ಗಳಿಗೂ ಗೂಡ್ಸ್ ಗಾಡಿಗಳಿಗೂ ಇರುವುದು ಇದೇ ಹಳಿ. ಹಳೆಯ ಸಿಗ್ನಲ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವೆ ಒಂದು ಹಳಿಯ ಮೇಲೆ ಒಮ್ಮೆಗೆ ಒಂದೇ ಗಾಡಿ ಇರಬಹುದು. ಹಿರೇಹಳ್ಳಿ, ದಾಬಸ್‌ಪೇಟೆ, ನಿಡವಂದ ಎಂದು ನಿಂತು ನಿಂತು ಬರುವ ಮೆಮುವಿನ ಬೆನ್ನಿಗೇ ಎಕ್ಸ್‌ಪ್ರೆಸ್ ಬಂದರೆ, ಮೆಮುವನ್ನು ನಿಲ್ದಾಣದ ಪಕ್ಕದ ಲೂಪ್ ಲೈನಿಗೆ ಸರಿಸಿ ಅದಕ್ಕೆ ದಾರಿ ಬಿಡಬೇಕು. ತಿಂಗಳ ಪಾಸಿನಲ್ಲಿ ಓಡಾಡುವವರ ಕಚೇರಿ ಹಾಜರಿಗೆ ಕತ್ತರಿ ಬೀಳುವುದು ಅಲ್ಲೇ. ಸುಮಾರು ಕಿಲೋಮೀಟರಿಗೊಂದರಂತೆ ಸ್ವಯಂಚಾಲಿತ ಸಿಗ್ನಲ್ ಇದ್ದರೆ ಒಂದರ ಹಿಂದೊಂದು ಗಾಡಿ ಬಿಡಬಹುದು. ಹೊಸ ಹಳಿ ಹಾಕುವುದಕ್ಕಿಂತ ಇದು ಅಗ್ಗ.

ನಿಜವಾದ ಇಕ್ಕಟ್ಟು ಶುರುವಾಗುವುದು ಚಿಕ್ಕಬಾಣಾವರದಲ್ಲಿ. ಹಾಸನದ ಹಳಿ ಬಂದು ಕೂಡುವುದು ಇಲ್ಲಿ. ಮುಂದೆ ಯಶವಂತಪುರದಲ್ಲಿ ಪ್ಲಾಟ್‌ಫಾರಂ ಖಾಲಿಯಾಗದಿದ್ದರೆ ಗಾಡಿ ನಿಲ್ದಾಣದ ಹೊರಗೆ ಔಟರ್‌ನಲ್ಲೇ ನಿಲ್ಲುತ್ತದೆ. ನೂರು ಕಿ.ಮೀ. ವೇಗದಲ್ಲಿ ಓಡಿ ಉಳಿಸಿದ ನಿಮಿಷಗಳು ಅಲ್ಲಿ ಕರಗಿಹೋಗುತ್ತವೆ. ಹಾಗಾಗಿ ವೇಗ ಹೆಚ್ಚಿಸುವ ಮಾತಿಗಿಂತ ಈ ಕೊನೆಯ ತುಣುಕಿನಲ್ಲಿ ಇನ್ನೊಂದು ಜೋಡಿ ಹಳಿ ಹಾಕುವ ಮಾತು ಮುಖ್ಯ. ಪ್ಲಾಟ್‌ಫಾರಂ ಇಕ್ಕಟ್ಟನ್ನು ಮೆಮು ಕೂಡ ತುಸು ತಗ್ಗಿಸುತ್ತದೆ: ಅದಕ್ಕೆ ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವುದರಿಂದ ಎಂಜಿನ್ ಬದಲಿಸುವ ತಾಪತ್ರಯವಿಲ್ಲ. ಪ್ಲಾಟ್‌ಫಾರಂ ಬೇಗ ತೆರವಾಗುತ್ತದೆ.

ಹೆಚ್ಚು ರೈಲು ಕೇಳುವ ಮನವಿ ಪತ್ರಗಳಲ್ಲಿ ಅಷ್ಟಾಗಿ ಕಾಣದ ಸಂಗತಿ ಇನ್ನೊಂದಿದೆ. ಬೆಳಗಿನ ರೈಲು ತುಮಕೂರಿನಿಂದ ಹೊರಡಬೇಕಾದರೆ ರಾತ್ರಿ ಅದು ಅಲ್ಲೇ ತಂಗಬೇಕು. ಅದಕ್ಕೆ ನಿಲುಗಡೆ ಹಳಿ, ನೀರು, ಸ್ವಚ್ಛತೆ, ಸಿಬ್ಬಂದಿಗೆ ವಿಶ್ರಾಂತಿ ಕೊಠಡಿ ಬೇಕು. ಇವಿಲ್ಲದಿದ್ದರೆ ಖಾಲಿ ಗಾಡಿ ನಸುಕಿನಲ್ಲೇ ಬೆಂಗಳೂರಿನಿಂದ ಬರಬೇಕಾಗುತ್ತದೆ.

ಮೆಟ್ರೊ ಹಸಿರು ಮಾರ್ಗ 2024ರ ನವೆಂಬರಿನಲ್ಲಿ ಮಾದಾವರ ಮುಟ್ಟಿದೆ. ಅದನ್ನು ತುಮಕೂರಿಗೂ ಒಯ್ಯುವ ಪ್ರಸ್ತಾವವೂ ಇದೆ. ಮೆಟ್ರೊ ಹುಟ್ಟಿದ್ದೇ ಕಿಲೋಮೀಟರಿಗೊಂದು ನಿಲ್ದಾಣ ಇರುವ ನಗರಕ್ಕಾಗಿ. ಅಷ್ಟು ದೂರಕ್ಕೆ ಅದು ದುಬಾರಿ, ನಿಧಾನವೂ ಹೌದು. 150 ಕಿ.ಮೀ.ವರೆಗೆ ಸಿಗುವ ರೈಲ್ವೆಯ ತಿಂಗಳ ಪಾಸಿನ ದರಕ್ಕೆ ಮೆಟ್ರೊ ಇಳಿಯುವ ಸಂಭವವೂ ಕಡಿಮೆ. ಉಪನಗರ ರೈಲು ಯೋಜನೆಯ ‘ಮಲ್ಲಿಗೆ’ ಮಾರ್ಗವಾದರೋ ಬೈಯಪ್ಪನಹಳ್ಳಿಯಿಂದ ಚಿಕ್ಕಬಾಣಾವರಕ್ಕೆ ಬ್ರಾಡ್‌ಗೇಜ್‌ನಲ್ಲೇ ಬರಲಿದೆ. ತುಮಕೂರಿನ ಮೆಮು ಅಲ್ಲಿಗೆ ಬಂದ ಹೊತ್ತಿಗೆ ಪಕ್ಕದ ಪ್ಲಾಟ್‌ಫಾರಂನಲ್ಲಿ ಉಪನಗರ ರೈಲು ಸಿಕ್ಕರೆ ಯಶವಂತಪುರದ ಒತ್ತಡ ಅಷ್ಟರಮಟ್ಟಿಗೆ ಇಳಿಯುತ್ತದೆ. ಇದಕ್ಕೆ ರೈಲ್ವೆ ಮತ್ತು ಉಪನಗರ ರೈಲು ಸಂಸ್ಥೆ ಎರಡೂ ಒಂದೇ ವೇಳಾಪಟ್ಟಿ, ಒಂದೇ ಟಿಕೆಟ್‌ಗೆ ಒಪ್ಪಬೇಕು.