ಕಲ್ಯಾಣದಿಂದ ಕಡಲಿಗೆ: ಶರಣರು ನಡೆದ ದಾರಿಯಲ್ಲಿ ಮೂರು ದಿನದ ಪಯಣ

ಶಾಲೆಗಳಿಗೆ ದಸರಾ ರಜೆ ಹತ್ತಿರವಾಯಿತೆಂದರೆ ಬಸವಕಲ್ಯಾಣ, ಹುಮನಾಬಾದ್ ಕಡೆಯ ಮನೆಗಳಲ್ಲಿ ಮಕ್ಕಳದು ಒಂದೇ ಹಟ: ಸಮುದ್ರ ನೋಡಬೇಕು. ಹಟಕ್ಕೆ ಕಾರಣವೂ ಇದೆ. ಕನ್ನಡ ನಾಡಿನಲ್ಲಿ ಕಡಲಿನಿಂದ ಅತಿ ದೂರವಿರುವ ಭಾಗಗಳಲ್ಲಿ ಬೀದರ್ ಜಿಲ್ಲೆಯೂ ಒಂದು. ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ ಉಪ್ಪುನೀರು ಕಾಣಲು ರಸ್ತೆಯಲ್ಲಿ ಸುಮಾರು ಐನೂರು ಕಿಲೋಮೀಟರ್ ಕ್ರಮಿಸಬೇಕು. ಇಲ್ಲಿಯ ಮಕ್ಕಳಿಗೆ ದೊಡ್ಡ ನೀರೆಂದರೆ ಬಸವಕಲ್ಯಾಣದ ತ್ರಿಪುರಾಂತ ಕೆರೆ.

ಬಸವಕಲ್ಯಾಣ ಪಟ್ಟಣಕ್ಕೆ ರೈಲು ನಿಲ್ದಾಣವಿಲ್ಲ. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಪೂರ್ಣಗೊಂಡ ಮೇಲೆ ಹುಮನಾಬಾದಿಗೆ ರೈಲಿನ ಅನುಕೂಲವಾಗಿದೆ. ಆದರೂ ಅಜ್ಜ-ಅಜ್ಜಿ, ಮಕ್ಕಳು, ಬುತ್ತಿಗಂಟು ಎಲ್ಲವನ್ನೂ ಕಟ್ಟಿಕೊಂಡು ಹೊರಡುವ ಕುಟುಂಬ ಈಗಲೂ ನೆಚ್ಚುವುದು ರಸ್ತೆಯನ್ನೇ. ಲಾರಿ ದುರಸ್ತಿಗೆ, ಲಾರಿ ಕಟ್ಟುವ ಕೆಲಸಕ್ಕೆ ಹೆಸರಾದ ಊರಿನಲ್ಲಿ ಇದು ಅಚ್ಚರಿಯೇನಲ್ಲ. ಪ್ರಶ್ನೆ ಇರುವುದು ಯಾವ ಕಡಲಿಗೆ, ಯಾವ ದಾರಿಯಲ್ಲಿ, ಎಷ್ಟು ದಿನದಲ್ಲಿ ಎಂಬುದರಲ್ಲಿ.

ಯಾವ ಕಡಲು?

ಹಿಂದೆ 9ನೇ ಸಂಖ್ಯೆಯಿಂದ ಕರೆಯಲ್ಪಡುತ್ತಿದ್ದು ಈಗ 65ನೇ ಸಂಖ್ಯೆ ಪಡೆದಿರುವ ರಾಷ್ಟ್ರೀಯ ಹೆದ್ದಾರಿ ಪುಣೆಯಲ್ಲಿ ಆರಂಭವಾಗಿ ಸೊಲ್ಲಾಪುರ, ಹುಮನಾಬಾದ್, ಹೈದರಾಬಾದ್, ವಿಜಯವಾಡಗಳನ್ನು ದಾಟಿ ಬಂಗಾಳ ಕೊಲ್ಲಿಯ ಮಚಲೀಪಟ್ಟಣದಲ್ಲಿ ಮುಗಿಯುತ್ತದೆ. ಅಂದರೆ ಹುಮನಾಬಾದಿನಲ್ಲಿ ಪೂರ್ವಕ್ಕೆ ಮುಖಮಾಡಿ ಹೊರಟರೆ ಹೆದ್ದಾರಿ ಬದಲಿಸದೆಯೇ ಸಮುದ್ರ ಮುಟ್ಟಬಹುದು. ಪಶ್ಚಿಮಕ್ಕೆ ಹೊರಟರೆ ಪುಣೆ, ಅಲ್ಲಿಂದಾಚೆ ಕೊಂಕಣದ ತೀರ.

ಮೂರನೆಯ ದಾರಿ ನೈರುತ್ಯದ್ದು. ಕಲಬುರಗಿ, ವಿಜಯಪುರ, ಕೂಡಲಸಂಗಮ, ಬಾಗಲಕೋಟೆ, ಕಿತ್ತೂರು, ದಾಂಡೇಲಿ, ಉಳವಿಗಳ ಮೂಲಕ ಕಾರವಾರ. ಸುತ್ತು ಹೆಚ್ಚು, ಏಳುನೂರು ಕಿಲೋಮೀಟರಿಗೆ ಹತ್ತಿರ. ಬೇಗ ತಲುಪಬೇಕೆನ್ನುವವರಿಗೆ ಇದು ಹೇಳಿಸಿದ್ದಲ್ಲ. ಆದರೆ ಕಲ್ಯಾಣದವರಿಗೆ ಈ ದಾರಿಯ ಮೇಲೆ ಒಂದು ಹಕ್ಕಿದೆ. ಎಂಟೂವರೆ ಶತಮಾನಗಳ ಹಿಂದೆ ಇದೇ ಊರಿನ ಜನ ಹೆಂಡಿರು ಮಕ್ಕಳೊಂದಿಗೆ ಪಶ್ಚಿಮದ ಕಾಡಿನ ದಿಕ್ಕು ಹಿಡಿದು ನಡೆದರೆಂದು ಪರಂಪರೆ ಹೇಳುತ್ತದೆ.

ಯಾನವೂ ಒಂದು ಉಪಭೋಗ

ಪ್ರಯಾಣವನ್ನು ಸುಖವೆಂದು ಎಣಿಸಿ ಅದರ ಬಗ್ಗೆ ಬರೆದವರು ಕಲ್ಯಾಣದಲ್ಲಿಯೇ ಇದ್ದರು. ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ (1126–1138) ಸಂಸ್ಕೃತದಲ್ಲಿ ರಚಿಸಿದ 'ಮಾನಸೋಲ್ಲಾಸ' ಐದು ಭಾಗಗಳ, ನೂರು ಅಧ್ಯಾಯಗಳ ವಿಶ್ವಕೋಶ. ಅದರ ಒಂದು ಭಾಗ ಅರಸನಿಗೆ ಸಲ್ಲುವ ಇಪ್ಪತ್ತು ಉಪಭೋಗಗಳನ್ನು ವಿವರಿಸುತ್ತದೆ. ಊಟ, ಕುಡಿಯುವ ನೀರು, ಹಾಸಿಗೆ, ಪಾದರಕ್ಷೆ, ಕೊಡೆ ಇವುಗಳ ಸಾಲಿನಲ್ಲಿ ಯಾನಕ್ಕೂ, ಅಂದರೆ ವಾಹನಕ್ಕೂ, ಒಂದು ಸ್ಥಾನವಿದೆ. ಇಂದು ಕುಟುಂಬವೊಂದು ಪ್ರವಾಸಕ್ಕೆ ಹೊರಡುವಾಗ ಮಾಡಿಕೊಳ್ಳುವ ಪಟ್ಟಿಯೂ ಹೆಚ್ಚುಕಡಿಮೆ ಇದೇ.

ಕಲ್ಯಾಣಕ್ಕೆ ಕಡಲು ಅಪರಿಚಿತವೂ ಆಗಿರಲಿಲ್ಲ. ಸೋಮೇಶ್ವರನ ತಂದೆ ಆರನೆಯ ವಿಕ್ರಮಾದಿತ್ಯನ ಮಗಳು ಮೈಲಳದೇವಿಯನ್ನು ಗೋವೆಯ ಕದಂಬ ದೊರೆ ಎರಡನೆಯ ಜಯಕೇಶಿಗೆ ಕೊಟ್ಟು ಮದುವೆ ಮಾಡಲಾಗಿತ್ತು. ಬಯಲುಸೀಮೆಯ ರಾಜಕುಮಾರಿ ಘಟ್ಟವಿಳಿದು ಕಡಲ ತೀರದ ರಾಜ್ಯದ ಸೊಸೆಯಾದಳು. ಅರಮನೆಯ ಪಯಣಕ್ಕೆ ಆನೆ, ಕುದುರೆ, ಪಲ್ಲಕ್ಕಿಗಳಿದ್ದವು. ಕೆಲವೇ ದಶಕಗಳ ನಂತರ ಅದೇ ಊರಿನಿಂದ ಹೊರಟ ಇನ್ನೊಂದು ಪಯಣಕ್ಕೆ ಅವು ಯಾವುವೂ ಇರಲಿಲ್ಲ.

ಮನೆ ಬಿಟ್ಟು ಹೊರಟವರು

ಚಾಲುಕ್ಯರ ಸಿಂಹಾಸನವನ್ನು ಕಳಚುರಿ ಬಿಜ್ಜಳ ವಶಪಡಿಸಿಕೊಂಡ ಕಾಲದಲ್ಲಿ ಬಸವಣ್ಣನವರು ಕಲ್ಯಾಣದಲ್ಲಿದ್ದರು. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ನಡೆದ ಮದುವೆಯನ್ನು ಸಂಪ್ರದಾಯಸ್ಥರು ಸಹಿಸಲಿಲ್ಲ. ಇಬ್ಬರು ತಂದೆಯರಿಗೂ ಎಳೆಹೂಟೆಯ ಶಿಕ್ಷೆಯಾಯಿತು ಎಂದು ಶರಣ ಪರಂಪರೆ ಹೇಳುತ್ತದೆ. 1167ರ ಆಸುಪಾಸಿನಲ್ಲಿ ಬಿಜ್ಜಳನ ಕೊಲೆಯಾಗಿ ಕಲ್ಯಾಣ ಹೊತ್ತಿ ಉರಿಯಿತು. ಬಸವಣ್ಣನವರು ಕೂಡಲಸಂಗಮಕ್ಕೆ ತೆರಳಿದ್ದರು. ಉಳಿದ ಶರಣರು ಗುಂಪು ಗುಂಪಾಗಿ ಊರು ಬಿಟ್ಟರು. ಅವರಲ್ಲಿ ದೊಡ್ಡ ಗುಂಪು ಚೆನ್ನಬಸವಣ್ಣನವರ ಮುಂದಾಳತ್ವದಲ್ಲಿ, ವಚನಗಳ ಓಲೆಗಟ್ಟುಗಳನ್ನು ಹೊತ್ತು, ಉಳವಿಯ ಕಾಡು ಸೇರಿತು.

ಈ ಗುಂಪಿನಲ್ಲಿ ಹೆಂಗಸರೂ ಮಕ್ಕಳೂ ಇದ್ದರೆಂಬುದನ್ನು ನೆನಪಿಡಬೇಕು. ಚೆನ್ನಬಸವಣ್ಣನವರ ತಾಯಿ, ಬಸವಣ್ಣನವರ ಅಕ್ಕ ನಾಗಮ್ಮ ಇದ್ದರು. ಬಸವಣ್ಣನವರ ಪತ್ನಿ ಗಂಗಾಂಬಿಕೆ ಇದ್ದರು. ಬೆನ್ನಟ್ಟಿ ಬಂದ ಸೈನ್ಯದೊಂದಿಗೆ ದಾರಿಯಲ್ಲಿ ಕದನವಾಯಿತು. ಮಲಪ್ರಭೆಯ ದಂಡೆಯ ಕಾದರವಳ್ಳಿ ಎಂಬ ಊರಿನ ಹೆಸರಿಗೆ ಆ ಕಾದಾಟವೇ ಮೂಲವೆಂದು ಅಲ್ಲಿನ ಜನ ನಂಬುತ್ತಾರೆ. ಅಲ್ಲಿಗೆ ಸಮೀಪದ ಎಂ.ಕೆ. ಹುಬ್ಬಳ್ಳಿಯಲ್ಲಿ, ನದಿಯ ನಡುವೆ, ಗಂಗಾಂಬಿಕೆಯ ಐಕ್ಯಮಂಟಪವಿದೆ. ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಡೋಹರ ಕಕ್ಕಯ್ಯನ ಸಮಾಧಿಯಿದೆ. ಕಡೆಗೆ ಉತ್ತರ ಕನ್ನಡದ ಉಳವಿಯಲ್ಲಿ ಚೆನ್ನಬಸವಣ್ಣನವರ ಸಮಾಧಿ. ನಕ್ಷೆಯಲ್ಲಿ ಈ ಊರುಗಳನ್ನು ಗೆರೆಯಿಂದ ಜೋಡಿಸಿದರೆ ಶರಣರ ದಾರಿ ಕಣ್ಣಿಗೆ ಕಾಣುತ್ತದೆ.

ಈ ಗೆರೆಗೆ ಭೂಗೋಳದ ತರ್ಕವೂ ಇದೆ. ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಯನ್ನು ಸೇರುತ್ತದೆ. ಅಲ್ಲಿಂದ ಮಲಪ್ರಭೆಯನ್ನೇ ಎದುರುಮುಖವಾಗಿ ಹಿಡಿದರೆ ಅದು ಹುಟ್ಟುವ ಸಹ್ಯಾದ್ರಿಯ ಸೆರಗಿಗೆ ಬಂದು ನಿಲ್ಲಬಹುದು. ಆಚೆ ಕಡೆ ಜೋಯಿಡಾ ತಾಲ್ಲೂಕಿನಲ್ಲಿ ಹುಟ್ಟುವ ಕಾಳಿ ನದಿ ಸುಮಾರು 184 ಕಿ.ಮೀ. ಹರಿದು ಕಾರವಾರದಲ್ಲಿ ಕಡಲು ಸೇರುತ್ತದೆ. ಒಂದು ನದಿಯನ್ನು ಹಿಡಿದು ಏರಿ, ಇನ್ನೊಂದನ್ನು ಹಿಡಿದು ಇಳಿದರೆ ಬಯಲಿನವನಿಗೆ ಕಡಲು ಸಿಗುತ್ತದೆ. ಶರಣರು ಇಳಿಯಲಿಲ್ಲ, ಕಾಡಿನಲ್ಲಿಯೇ ನಿಂತರು.

ಚಕ್ಕಡಿಯವರ ಲೆಕ್ಕ

ಉಳವಿಗೆ ಕುಟುಂಬ ಸಮೇತ ಹೋಗುವ ಪದ್ಧತಿ ಮುಂದೆ ಜಾತ್ರೆಯಾಗಿ ಬೆಳೆಯಿತು. ಮಾಘ ಮಾಸದಲ್ಲಿ, ಭಾರತ ಹುಣ್ಣಿಮೆಯ ಹೊತ್ತಿಗೆ ನಡೆಯುವ ತೇರಿಗೆ ಧಾರವಾಡ, ಬೆಳಗಾವಿ ಕಡೆಯ ರೈತರು ಎತ್ತಿನ ಚಕ್ಕಡಿ ಕಟ್ಟಿಕೊಂಡು ಬರುವ ರೂಢಿ ಇಂದಿಗೂ ಪೂರ್ತಿ ನಿಂತಿಲ್ಲ. ಮನೆಮಂದಿಯೆಲ್ಲ ಏರಿದ ಚಕ್ಕಡಿಗಳು ಸಾಲಾಗಿ ಹಲವು ದಿನ ನಡೆದು ಕಾಡು ಹೊಗುತ್ತವೆ.

ಚಕ್ಕಡಿಯವರ ಪ್ರಯಾಣದ ಯೋಜನೆ ಸರಳವಾದರೂ ಗಟ್ಟಿಯಾದದ್ದು. ಸುಗ್ಗಿ ಮುಗಿಯುವ ಕಾಲ, ಮಳೆಯಿಲ್ಲ, ಹಳ್ಳಗಳು ದಾಟಲು ಬರುವಂತಿರುತ್ತವೆ. ಬೆಳದಿಂಗಳು ಇರುತ್ತದೆ. ದಿನಕ್ಕೆ ಎಷ್ಟು ದೂರ ಎಂಬುದನ್ನು ಎತ್ತುಗಳು ನಿರ್ಧರಿಸುತ್ತವೆ, ಹೊಡೆಯುವವನಲ್ಲ. ಬೀಡು ಬಿಡುವ ಜಾಗವನ್ನು ನೀರು ಮತ್ತು ನೆರಳು ನೋಡಿ ಮೊದಲೇ ಗೊತ್ತುಮಾಡಲಾಗುತ್ತದೆ. ಮೇವು ಗಾಡಿಯಲ್ಲೇ ಬರುತ್ತದೆ, ಕಟಕ್ ರೊಟ್ಟಿ, ಶೇಂಗಾ ಚಟ್ನಿ ಗಂಟಿನಲ್ಲಿ ಬರುತ್ತವೆ. ಒಬ್ಬರ ಗಾಲಿ ಮುರಿದರೆ ಸಾಲೆಲ್ಲ ನಿಲ್ಲುತ್ತದೆ.

ಗುಂಪಿನಲ್ಲಿ ಯಾರಿಗೆ ಶಕ್ತಿ ಕಡಿಮೆಯೋ ಅವರ ವೇಗವೇ ಎಲ್ಲರ ವೇಗ ಎಂಬ ಈ ನಿಯಮವನ್ನು ಕಾರಿನವರು ಮರೆತಿದ್ದಾರೆ. ಬಸವಕಲ್ಯಾಣದಿಂದ ರಾತ್ರಿ ಹೊರಟು ಬೆಳಗಾಗುವುದರೊಳಗೆ ಕಾರವಾರ ಮುಟ್ಟುವ ಸಾಹಸಕ್ಕೆ ಚಾಲಕನ ನಿದ್ದೆಯೇ ಬೆಲೆ. ಮಕ್ಕಳು ನಿದ್ದೆಯಲ್ಲಿ ಆರು ಜಿಲ್ಲೆಗಳನ್ನು ದಾಟುತ್ತಾರೆ, ಏನನ್ನೂ ನೋಡುವುದಿಲ್ಲ.

ಮೂರು ದಿನದ ಯೋಜನೆ

ಇದೇ ದಾರಿಯನ್ನು ಮೂರು ಹಗಲುಗಳಿಗೆ ಹಂಚಿಕೊಂಡರೆ ಪಯಣ ಹಗುರವಾಗುತ್ತದೆ.

ಮೊದಲ ದಿನ ಹುಮನಾಬಾದಿಗೆ ಬಂದು 65ನೇ ಹೆದ್ದಾರಿ ಬಿಟ್ಟು, ಅಲ್ಲಿಯೇ ಅದನ್ನು ಹಾಯುವ 50ನೇ ಹೆದ್ದಾರಿ ಹಿಡಿಯಬೇಕು. ಊರಿನಲ್ಲಿ ವೀರಭದ್ರೇಶ್ವರ ದೇವಸ್ಥಾನ, ಪಕ್ಕದಲ್ಲಿ ಮಾಣಿಕಪ್ರಭುಗಳ (1817–1865) ಮಾಣಿಕನಗರ, ತಾಲ್ಲೂಕಿನ ಜಲಸಂಗ್ವಿಯಲ್ಲಿ ಮದನಿಕೆಯರಿಗೆ ಹೆಸರಾದ ಚಾಲುಕ್ಯರ ಗುಡಿ ಇವೆ. ಕಲಬುರಗಿ ದಾಟಿ ಜೇವರ್ಗಿಗೆ ಹೋಗುವಾಗ ಭೀಮೆ ಸಿಗುತ್ತದೆ. ಸಿಂದಗಿ, ವಿಜಯಪುರಗಳನ್ನು ಹಾದು, ಕೃಷ್ಣೆಯನ್ನು ದಾಟಿ ಸಂಜೆಗೆ ಕೂಡಲಸಂಗಮ. ಒಟ್ಟು ಸುಮಾರು 320 ಕಿ.ಮೀ. ಮೂರು ದಿನಗಳಲ್ಲಿ ಅತಿ ಉದ್ದನೆಯ ಹಾದಿ ಇದೇ. ರಸ್ತೆ ಸಮತಟ್ಟಾಗಿರುವುದರಿಂದ ಇದನ್ನು ಮೊದಲ ದಿನಕ್ಕೆ ಇಟ್ಟುಕೊಳ್ಳುವುದು ಲೇಸು.

ಎರಡನೆಯ ದಿನ ಬಾಗಲಕೋಟೆ, ಯರಗಟ್ಟಿ, ಬೈಲಹೊಂಗಲ, ಎಂ.ಕೆ. ಹುಬ್ಬಳ್ಳಿ, ಕಿತ್ತೂರು. ಬೈಲಹೊಂಗಲದಲ್ಲಿ ರಾಣಿ ಚೆನ್ನಮ್ಮನ ಸಮಾಧಿ, ಕಿತ್ತೂರಿನಲ್ಲಿ ಆಕೆಯ ಕೋಟೆ. ಮಣ್ಣು ಕಪ್ಪಿನಿಂದ ಕೆಂಪಿಗೆ ತಿರುಗುವುದನ್ನು, ಜೋಳದ ಹೊಲ ಭತ್ತದ ಗದ್ದೆಯಾಗುವುದನ್ನು ಮಕ್ಕಳಿಗೆ ತೋರಿಸಬೇಕಾದ ದಿನವಿದು. ಹಳಿಯಾಳದ ಮೂಲಕ ದಾಂಡೇಲಿ ಸೇರಿ ತಂಗಬಹುದು. ವಾಹನಕ್ಕೆ ಇಂಧನವನ್ನು ಇಲ್ಲಿಯೇ ತುಂಬಿಸಿಕೊಳ್ಳಬೇಕು. ಮುಂದಿನ ಕಾಡಿನಲ್ಲಿ ಪಂಪುಗಳು ವಿರಳ, ಮೊಬೈಲ್ ಸಂಪರ್ಕವೂ ಅಷ್ಟಕ್ಕಷ್ಟೆ.

ಮೂರನೆಯ ದಿನ ಉಳವಿ, ಆಮೇಲೆ ಕಡಲು. ದಾಂಡೇಲಿಯಿಂದ ಉಳವಿಗೆ ಐವತ್ತು ಕಿ.ಮೀ. ಆಸುಪಾಸು. ಗುಡಿಯ ದರ್ಶನದೊಂದಿಗೆ ಆಕಳ ಗವಿ, ಮಹಾಮನೆ ಗವಿಗಳನ್ನೂ ನೋಡಬಹುದು; ವಯಸ್ಸಾದವರು ಗುಡಿಯ ಬಳಿ ಕುಳಿತು ವಿಶ್ರಮಿಸುವುದು ಒಳ್ಳೆಯದು. ನಂತರ ಕುಂಬಾರವಾಡದ ಬಳಿ ಕಾರವಾರದ ರಸ್ತೆ ಸೇರಿ ಅಣಶಿ ಘಟ್ಟ ಇಳಿದರೆ ಕದ್ರಾ ಜಲಾಶಯ, ಅಲ್ಲಿಂದ ಕಾಳಿಯ ಜೊತೆಜೊತೆಯಲ್ಲಿಯೇ ಕಾರವಾರ. ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಎತ್ತರದಲ್ಲಿರುವ ಬಸವಕಲ್ಯಾಣದಿಂದ ಹೊರಟವರು ಕೊನೆಗೆ ಮರಳಿನ ಮೇಲೆ ನಿಲ್ಲುತ್ತಾರೆ. 1880ರ ದಶಕದ ಆರಂಭದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಗೆ ಬಂದಿದ್ದ ತರುಣ ರವೀಂದ್ರನಾಥ ಠಾಕೂರರು ಮನಸೋತದ್ದು ಇದೇ ಕಡಲಿಗೆ. ಕಡಲತೀರಕ್ಕೆ ಅವರ ಹೆಸರೇ ಇದೆ.

ಹೊಸ ಜಾಗದಲ್ಲಿ ಒಂದು ಹಳೆಯ ಪರಿಚಯವೂ ಸಿಗುತ್ತದೆ. ಕರಾವಳಿಯ ಮನೆ, ಬಾವಿಗಳಿಗೆ ಬಳಸುವ ತೂತುತೂತಾದ ಕೆಂಪು ಕಲ್ಲು ಬೀದರ್–ಹುಮನಾಬಾದ್ ಪ್ರಸ್ಥಭೂಮಿಯಲ್ಲಿರುವ ಕಲ್ಲಿನ ಜಾತಿಯದೇ. ಬೀದರಿನ ನೆಲದಡಿಯ ಕರೇಜ್ ಕಾಲುವೆಗಳನ್ನು ಕೊರೆದದ್ದು ಇಂಥ ಕಲ್ಲಿನಲ್ಲಿಯೇ.

ಮಳೆ, ಘಟ್ಟ, ಅಲೆ

ಬೀದರ್ ಜಿಲ್ಲೆಯಲ್ಲಿ ವರ್ಷಕ್ಕೆ 850–900 ಮಿ.ಮೀ. ಆಸುಪಾಸು ಮಳೆಯಾದರೆ ಕಾರವಾರದಲ್ಲಿ ಮೂರು ಸಾವಿರ ಮಿ.ಮೀ. ಆಗುತ್ತದೆ. ಬಯಲಿನವರ ಮಳೆಯ ಅಂದಾಜು ಘಟ್ಟದಲ್ಲಿ ಕೆಲಸಕ್ಕೆ ಬಾರದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬದಿಯ ಚಹಾದಂಗಡಿ, ನಿಂತಿದ್ದ ವಾಹನಗಳು ಮಣ್ಣುಪಾಲಾದವು, ಜೀವಗಳೂ ಹೋದವು. ಅದೇ ವರ್ಷದ ಆಗಸ್ಟ್ 7ರಂದು ಕಾರವಾರದ ಬಳಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ದಾರಿಯಲ್ಲಿ ಕುಟುಂಬ ಪ್ರವಾಸ ಬೇಡವೆನ್ನಲು ಇಷ್ಟು ಸಾಕು. ನವೆಂಬರ್‌ನಿಂದ ಫೆಬ್ರುವರಿ ಉತ್ತಮ ಕಾಲ. ದಸರಾ ರಜೆಯಲ್ಲೇ ಹೊರಡುವುದಾದರೆ ಘಟ್ಟದ ರಸ್ತೆಯ ಸ್ಥಿತಿ ವಿಚಾರಿಸಿಕೊಂಡು ಹೊರಡಬೇಕು. ಜೋಯಿಡಾ ಕಡೆಯ ಕಾಡು 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿಯ ಹೆಸರು ಬಂತು. ಅಲ್ಲಿ ಕತ್ತಲಾದ ಮೇಲೆ ವಾಹನ ಓಡಿಸುವುದು ಮನುಷ್ಯರಿಗೂ ಪ್ರಾಣಿಗಳಿಗೂ ಅಪಾಯ.

ಕಡಲಿನ ವಿಷಯದಲ್ಲಿ ಎಚ್ಚರಿಕೆ ಇನ್ನೂ ಹೆಚ್ಚಿರಬೇಕು. 2024ರ ಡಿಸೆಂಬರ್‌ನಲ್ಲಿ ಮುರುಡೇಶ್ವರಕ್ಕೆ ಪ್ರವಾಸ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೋಲಾರವೂ ಬೀದರಿನಂತೆ ಬಯಲ ಜಿಲ್ಲೆ. ಕೆರೆಯ ನೀರು ನಿಂತಲ್ಲೇ ನಿಲ್ಲುತ್ತದೆ. ಹಿಂದಿರುಗುವ ಅಲೆ ಕಾಲಡಿಯ ಮರಳನ್ನೂ ಎಳೆದುಕೊಂಡು ಹೋಗುತ್ತದೆ. ಕೆರೆಯಲ್ಲಿ ಈಜು ಕಲಿತ ಹುಡುಗನಿಗೆ ಈ ವ್ಯತ್ಯಾಸವನ್ನು ಮನೆಯಲ್ಲೇ ಹೇಳಿ ಕರೆತರಬೇಕು. ಮಕ್ಕಳು ಮೊಣಕಾಲಿಗಿಂತ ಆಳಕ್ಕೆ ಇಳಿಯಬಾರದು, ಜೊತೆಗೊಬ್ಬ ದೊಡ್ಡವರು ಇರಬೇಕು, ತೀರದ ರಕ್ಷಕರು ಬೇಡವೆಂದ ಕಡೆ ಇಳಿಯಲೇಬಾರದು.

ಮರಳಿ ಕಲ್ಯಾಣಕ್ಕೆ

ಬಸವಕಲ್ಯಾಣಕ್ಕೆ ಇಂದು ದೂರದೂರದ ಜನ ಬರುತ್ತಾರೆ. 108 ಅಡಿ ಎತ್ತರದ ಬಸವೇಶ್ವರರ ಪ್ರತಿಮೆ ಅಲ್ಲಿದೆ. ನೂತನ ಅನುಭವ ಮಂಟಪಕ್ಕೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಬರುವವರಿಗೆಲ್ಲ ಹೇಳುವ ಕಥೆ ಸಾಮಾನ್ಯವಾಗಿ ಬಿಜ್ಜಳನ ಕೊಲೆಯೊಂದಿಗೆ, ಶರಣರು ಚದುರಿ ಹೋದರು ಎಂಬ ಮಾತಿನೊಂದಿಗೆ ಮುಗಿದುಬಿಡುತ್ತದೆ. ಎಲ್ಲಿಗೆ ಹೋದರು, ಹೇಗೆ ಹೋದರು, ಎಳೆಯರನ್ನೂ ಮುದುಕರನ್ನೂ ಯಾರು ಹೊತ್ತರು ಎಂಬ ಪ್ರಶ್ನೆಗಳು ಊರಿನ ಮಕ್ಕಳಿಗೇ ಹುಟ್ಟುವುದಿಲ್ಲ.

ಆ ದಾರಿಯನ್ನು ಮೂರು ಹಗಲು ಕಾರಿನಲ್ಲಿ ಕುಳಿತು ಸವೆಸಿದ ಮಗುವಿಗೆ ಅದರ ಉದ್ದ ಮೈಗೆ ತಿಳಿದಿರುತ್ತದೆ. ಸಮುದ್ರ ನೋಡಿ ಬಂದ ಮೇಲೆ ಅದು ಕೇಳಬಹುದಾದ ಮೊದಲ ಪ್ರಶ್ನೆ, ನಾವು ಕಾರಿನಲ್ಲೇ ಇಷ್ಟು ದಣಿದೆವು, ಅವರು ನಡೆದು ಹೇಗೆ ಹೋದರು ಎಂಬುದು. ಕಲ್ಯಾಣದ ಚರಿತ್ರೆಯನ್ನು ಓದಲು ಅದಕ್ಕಿಂತ ಒಳ್ಳೆಯ ಆರಂಭ ಬೇಕಿಲ್ಲ.