ಮನೆಯಿಂದ ಕೆಲಸ: ಮಾಲೀಕರ ಸಂಶಯ ಮತ್ತು ಅನುಭವ

ಮನೆಯಲ್ಲಿ ಕುಳಿತು ಕೆಲಸ ಮಾಡುವುದು ಸಾಫ್ಟ್‌ವೇರ್ ಸಂಸ್ಥೆಗಳು ತಂದ ಹೊಸ ಪದ್ಧತಿಯೆಂಬ ಭಾವನೆ ವಾಣಿಜ್ಯ ವಲಯದಲ್ಲಿ ಸಾಮಾನ್ಯ. ಕರಾವಳಿಯ ಬೀಡಿ ಉದ್ಯಮಕ್ಕೆ ಇದು ಬಹು ಹಳೆಯದು. ಎಲೆ, ತಂಬಾಕು, ನೂಲು ಕೊಟ್ಟು, ಕಟ್ಟಿದ ಬೀಡಿಯನ್ನು ಸಾವಿರದ ಲೆಕ್ಕದಲ್ಲಿ ಮರಳಿ ಪಡೆಯುವ ಈ ವ್ಯವಸ್ಥೆಯಲ್ಲಿ, ಕೆಲಸಗಾರ್ತಿ ಎಷ್ಟು ಹೊತ್ತಿಗೆ ಕುಳಿತಳು, ಯಾವಾಗ ಎದ್ದಳು ಎಂಬ ಪ್ರಶ್ನೆಯೇ ಏಳುವುದಿಲ್ಲ. ಮನೆಯಲ್ಲಿ ಬೀಡಿ ಕಟ್ಟುವವರನ್ನೂ 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯಿದೆಯು ನೌಕರರೆಂದೇ ಪರಿಗಣಿಸಿತ್ತು.

ಕಚೇರಿಯ ಕೆಲಸವನ್ನು ಹೀಗೆ ಎಣಿಸಲಾಗದು ಎಂಬುದೇ ಮಾಲೀಕರ ಆತಂಕದ ಮೂಲ. ಚೀನಾದ ಪ್ರವಾಸ ಸಂಸ್ಥೆ ಸಿಟ್ರಿಪ್‌ನಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನವು 2015ರಲ್ಲಿ ಪ್ರಕಟವಾಯಿತು. ಮನೆಯಿಂದ ದುಡಿದ ದೂರವಾಣಿ ಸಿಬ್ಬಂದಿಯ ಕೆಲಸ ಶೇ. 13ರಷ್ಟು ಹೆಚ್ಚಿತ್ತು. ಆದರೆ ಒಂಟಿತನದಿಂದ ಬೇಸತ್ತು ಕಚೇರಿಗೆ ಮರಳಿದವರೂ ಇದ್ದರು. ಅದೇ ಸಂಸ್ಥೆಯ 1,612 ನೌಕರರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ ವಾರಕ್ಕೆ ಎರಡು ದಿನ ಮಾತ್ರ ಮನೆಯಿಂದ ಕೆಲಸ. ರಾಜೀನಾಮೆಗಳು ಮೂರನೆಯ ಒಂದರಷ್ಟು ತಗ್ಗಿದವು. ಕೆಲಸದ ಗುಣಮಟ್ಟ ಕುಗ್ಗಲಿಲ್ಲ. ಉತ್ಪಾದಕತೆ ಶೇ. 2.6ರಷ್ಟು ಇಳಿಯಬಹುದೆಂದು ಮೊದಲು ಅಂದಾಜಿಸಿದ್ದ ಮೇಲಧಿಕಾರಿಗಳೇ, ಪ್ರಯೋಗ ಮುಗಿದಾಗ ಶೇ. 1ರಷ್ಟು ಏರಿದೆಯೆಂದು ಅಭಿಪ್ರಾಯಪಟ್ಟರು. ಬದಲಾದದ್ದು ನೌಕರರ ದುಡಿಮೆಗಿಂತ ಮೇಲಧಿಕಾರಿಗಳ ನಂಬಿಕೆ!

ಲೇತ್ ಯಂತ್ರವನ್ನು ಮನೆಗೆ ಒಯ್ಯಲಾಗದು, ನಿಜ. ಆದರೆ ಸಣ್ಣ ಕಾರ್ಖಾನೆಯಲ್ಲಿಯೂ ಲೆಕ್ಕಪತ್ರ, ದರಪಟ್ಟಿ ತಯಾರಿಕೆ, ಬಾಕಿ ವಸೂಲಿಯ ಕರೆಗಳು ಇದ್ದೇ ಇರುತ್ತವೆ. ಹದಿನೈದು ಜನರ ಘಟಕದಲ್ಲಿ ಹತ್ತು ವರ್ಷದ ಖಾತೆಗಳನ್ನು ಬಲ್ಲವರು ಬಹುಮಟ್ಟಿಗೆ ಒಬ್ಬರೇ. ಹೆರಿಗೆಯ ನಂತರ ಆಕೆ ಕೆಲಸ ಬಿಟ್ಟರೆ ಆಗುವ ನಷ್ಟ ಯಾವ ಹಾಜರಿ ಪುಸ್ತಕದಲ್ಲಿಯೂ ಕಾಣದು. ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಆದ ತಿದ್ದುಪಡಿಯು, ಕೆಲಸದ ಸ್ವರೂಪಕ್ಕೆ ಹೊಂದುವುದಾದರೆ, ರಜೆಯ ನಂತರ ಮನೆಯಿಂದ ದುಡಿಯಲು ಉಭಯ ಸಮ್ಮತಿಯ ಮೇರೆಗೆ ಅವಕಾಶ ಕಲ್ಪಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಈ ಅಂಶವಿದೆ. ಇದು ಕಡ್ಡಾಯವಲ್ಲ, ಮಾಲೀಕರ ವಿವೇಚನೆಗೆ ಬಿಟ್ಟದ್ದು.

ಒಪ್ಪುವ ಮಾಲೀಕರು ಗಣಕಯಂತ್ರ ಮತ್ತು ಇಂಟರ್‌ನೆಟ್ ವೆಚ್ಚ ಯಾರದೆಂಬುದನ್ನು ಮೊದಲೇ ಬರೆದಿಡುವುದು ಲೇಸು. ಬ್ಯಾಂಕ್ ಪಾವತಿಯ ವಿವರವನ್ನು ನೌಕರರು ತುಂಬಿದರೂ ಅನುಮೋದನೆ ಮತ್ತು ಓಟಿಪಿ ಮಾಲೀಕರ ಕೈಯಲ್ಲಿಯೇ ಇರಬೇಕು. ಮನೆಯಿಂದ ದುಡಿಯುವ ವೇತನದಾರರಿಗೆ ಭವಿಷ್ಯನಿಧಿ, ಇಎಸ್‌ಐ ಕಟ್ಟಬೇಕಿಲ್ಲವೆಂದು ಕೆಲವರು ತಿಳಿದಿದ್ದಾರೆ, ಅದು ತಪ್ಪು.

ಕೆಲಸದ ಅಳತೆಗೆ ಹೊಸ ಉಪಕರಣವೇನೂ ಬೇಡ. ಮಾಸಿಕ ವಿವರಪಟ್ಟಿ ಸಲ್ಲಿಸುವ ವ್ಯಾಪಾರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, 3ಬಿಗೆ 20ನೇ ತಾರೀಖು ಗೊತ್ತೇ ಇವೆ. ವಾರಕ್ಕೆರಡು ದಿನದಂತೆ ಮೂರು ತಿಂಗಳು ಪರೀಕ್ಷಿಸಿ, ಈ ಎರಡು ತಾರೀಖುಗಳು ತಪ್ಪಿದವೇ, ಬಾಕಿ ವಸೂಲಿ ನಿಧಾನವಾಯಿತೇ ಎಂದು ನೋಡಿಕೊಂಡು ಮುಂದಿನ ನಿರ್ಧಾರ ಕೈಗೊಳ್ಳಬಹುದು.