ನೀರಿನಲ್ಲಿ ಕರಗುವ ಗಾಜು

ಗಾಜು ನೀರಿನಲ್ಲಿ ಕರಗುವುದುಂಟೆ? ಹಾಗಿದ್ದರೆ ಮಳೆಗಾಲದಲ್ಲಿ ನಮ್ಮ ಮನೆಯ ಕಿಟಕಿಗಳ ಗತಿಯೇನು? ಕಿಟಕಿಯ ಗಾಜು ಕರಗದಂತೆ ಕಾಯುವುದು ಅದರೊಳಗಿನ ಸುಣ್ಣದ ಅಂಶ. ಅದನ್ನು ಬಿಟ್ಟು, ಮರಳನ್ನೂ ಸೋಡಾ ಬೂದಿಯನ್ನೂ ಮಾತ್ರ 1,000 ಡಿಗ್ರಿ ಸೆಂಟಿಗ್ರೇಡಿಗೂ ಮಿಗಿಲಾದ ಶಾಖದಲ್ಲಿ ಬೆರೆಸಿ ಕರಗಿಸಿದರೆ ಬೇರೊಂದು ಗಾಜು ದೊರೆಯುತ್ತದೆ. ಒತ್ತಡದ ಹಬೆಯಲ್ಲಿ ಅದು ನೀರಿನೊಡನೆ ಬೆರೆತು ಪಾಕದಂತಹ ದ್ರವವಾಗುತ್ತದೆ. ಇದೇ ಸೋಡಿಯಂ ಸಿಲಿಕೇಟ್. ವ್ಯಾಪಾರದ ಹೆಸರು ವಾಟರ್ ಗ್ಲಾಸ್.

ಸಣ್ಣ ರಂಧ್ರಗಳೊಳಗೆ ಇಳಿದು, ಅಲ್ಲಿಯೇ ಗಟ್ಟಿಯಾಗಿ ಅವನ್ನು ಮುಚ್ಚುವುದೇ ಇದರ ಮುಖ್ಯ ಗುಣ. ಜರ್ಮನಿಯ ರಸಾಯನಶಾಸ್ತ್ರಜ್ಞ ಯೋಹಾನ್ ನೆಪೊಮುಕ್ ಫುಕ್ಸ್ 1818ರಲ್ಲಿ ಇದನ್ನು ಸಿದ್ಧಪಡಿಸಿದನು. 1823ರಲ್ಲಿ ಬೆಂಕಿಗೆ ಆಹುತಿಯಾದ ಮ್ಯೂನಿಕ್ ನಗರದ ನಾಟಕಶಾಲೆಯನ್ನು ಮತ್ತೆ ಕಟ್ಟಿದಾಗ, ಮರಕ್ಕೆ ಬೆಂಕಿ ತಗಲದಿರಲೆಂದು ಇದನ್ನೇ ಬಳಿದರು. ಕಾವು ತಾಗಿದೊಡನೆ ಈ ಲೇಪನ ನೊರೆಯಂತೆ ಉಬ್ಬಿ ಮರಕ್ಕೆ ಮರೆಯಾಗಿ ನಿಲ್ಲುತ್ತದೆ.

ಶೀತಕ ಪೆಟ್ಟಿಗೆಗಳು ಮನೆಮನೆಗೆ ಬರುವ ಮುನ್ನ ಇಂಗ್ಲೆಂಡ್ ಮತ್ತು ಅಮೆರಿಕದ ಗೃಹಿಣಿಯರು ತೊಳೆಯದ ಹೊಸ ಮೊಟ್ಟೆಗಳನ್ನು ಇದರ ತೆಳು ದ್ರಾವಣದಲ್ಲಿ ಮುಳುಗಿಸಿಟ್ಟು ತಿಂಗಳುಗಟ್ಟಲೆ ಕಾಪಾಡುತ್ತಿದ್ದರು. ಚಿಪ್ಪಿನ ರಂಧ್ರಗಳು ಮುಚ್ಚಿರುತ್ತಿದ್ದುದರಿಂದ, ಬೇಯಿಸುವಾಗ ಒಡೆಯದಿರಲೆಂದು ಮೊದಲು ಸೂಜಿಯಿಂದ ಚುಚ್ಚಬೇಕಾಗಿತ್ತು.

ಇಂದಿಗೂ ಇದು ನಮ್ಮ ಸುತ್ತಲೇ ಇದೆ. ಬಟ್ಟೆ ಒಗೆಯುವ ಸಾಬೂನು, ಪುಡಿಗಳಲ್ಲಿ ಬೆರೆತಿದೆ. ರಟ್ಟಿನ ಕೊಳವೆಗಳನ್ನು ಅಂಟಿಸುತ್ತದೆ. ಹೊಸ ಪಾದರಕ್ಷೆಗಳ ಪೆಟ್ಟಿಗೆಯಲ್ಲಿ ತೇವ ಹೀರಲೆಂದು ಇಡುವ ಸಿಲಿಕಾ ಜೆಲ್ ಹರಳುಗಳು ಇದಕ್ಕೆ ಆಮ್ಲ ಸೇರಿಸಿ ಮಾಡಿದವು. ಆದರೆ ಇದು ಪ್ರಬಲವಾದ ಕ್ಷಾರ. ಕಣ್ಣಿಗೆ ತಾಗದಂತೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಚೆಲ್ಲಿದರೆ ಆರುವ ಮೊದಲೇ ನೀರಿನಿಂದ ತೊಳೆಯಬೇಕು.

ಇದರ ಅತ್ಯಂತ ಕಠಿಣ ಪರೀಕ್ಷೆ ನಡೆದುದು ಜಪಾನಿನಲ್ಲಿ. 2011ರ ಮಾರ್ಚ್ 11ರ ಭೂಕಂಪ ಮತ್ತು ಸುನಾಮಿಯಿಂದ ಹಾಳಾದ ಫುಕುಶಿಮಾ ಅಣುವಿದ್ಯುತ್ ಸ್ಥಾವರದ ಎರಡನೆಯ ಘಟಕದ ಬಳಿ, ಬಿರುಕುಬಿಟ್ಟ ಗುಂಡಿಯೊಂದರಿಂದ ವಿಕಿರಣಪೂರಿತ ನೀರು ಸಮುದ್ರಕ್ಕೆ ಹರಿಯುತ್ತಿತ್ತು. ಕಾಂಕ್ರೀಟು ಸುರಿದರು, ನಿಲ್ಲಲಿಲ್ಲ. ನೀರು ಹೀರುವ ಪಾಲಿಮರ್, ಮರದ ಹೊಟ್ಟು, ಪತ್ರಿಕೆಯ ಚೂರುಗಳನ್ನು ತುಂಬಿದರು, ಆಗಲೂ ನಿಲ್ಲಲಿಲ್ಲ. ಕೊನೆಗೆ ಸೋಡಿಯಂ ಸಿಲಿಕೇಟನ್ನು ಗಟ್ಟಿಗೊಳಿಸುವ ವಸ್ತುವಿನೊಡನೆ ನೆಲದೊಳಕ್ಕೆ ಒತ್ತಿದರು. ಏಪ್ರಿಲ್ 6ರಂದು ಆ ಹರಿವು ನಿಂತಿತು.

ನಿಂತುದು ಆ ಒಂದು ಹರಿವು ಮಾತ್ರ. ಒಳಗಿನ ನೀರಿನ ವಿಷ ಹಾಗೆಯೇ ಉಳಿಯಿತು. ಹಳಸಿದ ಮೊಟ್ಟೆಯನ್ನು ವಾಟರ್ ಗ್ಲಾಸ್ ಹೊಸತು ಮಾಡಲಾರದು. ಬಿರುಕನ್ನು ಮುಚ್ಚಿ, ಮುಂದಿನ ಕೆಲಸಕ್ಕೆ ಮನುಷ್ಯನಿಗೆ ಒಂದಿಷ್ಟು ಕಾಲಾವಕಾಶ ದೊರಕಿಸುವುದಷ್ಟೇ ಅದರ ಶಕ್ತಿ.